ಬಾಡಿಗೆಯ ಬಾಕಿ: ಜೋಗುಪಾಳ್ಯದಿಂದ ಬಂದ ಒಂದು ಪ್ರಶ್ನೆ

ಕಳೆದ ಸಂತೆಯ ದಿನ ನಮ್ಮ ಕಚೇರಿಗೆ ರೈತರೊಬ್ಬರು ಬಂದಿದ್ದರು. ಪತ್ರಿಕೆಯ ಹಳೆಯ ಚಂದಾದಾರರು. ಚಂದಾ ಬಾಕಿ ತೀರಿಸಲು ಬಂದರೆಂದೇ ನಾವು ತಿಳಿದೆವು. ಅವರು ಬಂದದ್ದು ಬೇರೊಂದು ಬಾಕಿಯ ವಿಚಾರಕ್ಕೆ. ಅವರ ಮಗ ಬೆಂಗಳೂರಿನ ಜೋಗುಪಾಳ್ಯದಲ್ಲಿ ಹೆಂಡತಿ ಮತ್ತು ಶಾಲೆಗೆ ಹೋಗುವ ಮಗಳೊಡನೆ ಒಂದು ಕೋಣೆ, ಒಂದು ಅಡಿಗೆಮನೆಯ ವಾಸದಲ್ಲಿ ಬಾಡಿಗೆಗಿದ್ದಾನೆ. ಗುತ್ತಿಗೆದಾರನೊಬ್ಬನ ಕೈಕೆಳಗೆ ಹೊಸ ಕಟ್ಟಡಗಳಿಗೆ ವಿದ್ಯುತ್ ತಂತಿ ಎಳೆಯುವ ಕೆಲಸ. ಎರಡು ತಿಂಗಳಿಂದ ಗುತ್ತಿಗೆದಾರ ಸಂಬಳ ಕೊಟ್ಟಿಲ್ಲ. ಎರಡು ತಿಂಗಳಿಂದ ಮಗ ಬಾಡಿಗೆ ಕೊಟ್ಟಿಲ್ಲ. ಮನೆಯ ಯಜಮಾನರು ತಿಂಗಳ ಕೊನೆಯೊಳಗೆ ಹಣ ಅಥವಾ ಬೀಗದ ಕೈ ಎಂದು ಹೇಳಿದ್ದಾರೆ. "ಕರೆಯುವ ಆಕಳೊಂದಿದೆ, ಮಾರಿ ಕಳಿಸಿಬಿಡಲೇ?" ಎಂದು ಕೇಳಿ ಆ ರೈತರು ನಮ್ಮ ಮೇಜಿನ ಎದುರಿಗೆ ಕುಳಿತರು.

ಆ ಪ್ರಶ್ನೆಗೆ ನಾವು ಅಲ್ಲಿಯೇ ಉತ್ತರ ಕೊಡಲಿಲ್ಲ. ಕೊಡಲು ಬರುವಂತಹದೂ ಆಗಿರಲಿಲ್ಲ. ಅವರನ್ನು ಕಳುಹಿಸಿದ ಮೇಲೆ ಯೋಚಿಸಿ, ತಿಳಿದವರನ್ನು ಕೇಳಿ, ಈ ಬರಹವನ್ನು ಸಿದ್ಧಪಡಿಸಿದ್ದೇವೆ. ಈ ಜಿಲ್ಲೆಯಿಂದ ಬೆಂಗಳೂರಿಗೆ ಹೋದ ಮಕ್ಕಳಿಲ್ಲದ ಹಳ್ಳಿ ಇಂದು ಯಾವುದಿದೆ? ಅಲ್ಲಿಯ ಬಾಡಿಗೆ ಇಲ್ಲಿಯ ಕೊಟ್ಟಿಗೆಯನ್ನು ಖಾಲಿ ಮಾಡುತ್ತಿರುವಾಗ ಅದನ್ನು ಬೆಂಗಳೂರಿನವರ ತೊಂದರೆ ಎಂದು ಬದಿಗಿಡುವುದು ನಮಗೆ ಸರಿಕಾಣಲಿಲ್ಲ.

ಜೋಗುಪಾಳ್ಯವನ್ನು ನೋಡದವರಿಗಾಗಿ ಎರಡು ಮಾತು. ಅದು ಹಲಸೂರಿನ ಮಗ್ಗುಲಿನ ಹಳೆಯ ಪಾಳ್ಯ. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡನ್ನು ಸ್ಥಾಪಿಸಿದ ಮೇಲೆ ಆ ದಂಡಿನ ಊಳಿಗಕ್ಕೆ, ವ್ಯಾಪಾರಕ್ಕೆ, ಗಾಡಿ ಕೆಲಸಕ್ಕೆ ಬಂದ ಜನ ಹಲಸೂರಿನ ಸುತ್ತ ನೆಲೆಯೂರಿದರು. ಇಂದು ಅದರ ಒಂದು ಕಡೆ ಕೇಂಬ್ರಿಜ್ ಬಡಾವಣೆ, ಇನ್ನೊಂದು ಕಡೆ ಇಂದಿರಾನಗರ. ನಡುವೆ ಎರಡು ಆಳು ಎದುರುಬದುರಾದರೆ ಒಬ್ಬ ಪಕ್ಕಕ್ಕೆ ಸರಿಯಬೇಕಾದ ಗಲ್ಲಿಗಳು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಮೆಟ್ರೋ ರೈಲು ಓಡಲು ಆರಂಭವಾದಾಗ ಹಲಸೂರಿಗೂ ಒಂದು ನಿಲ್ದಾಣ ಬಂತು. ನಿಲ್ದಾಣ ಸಾರ್ವಜನಿಕರ ಹಣದಿಂದ ಆದದ್ದು. ಅದರಿಂದ ಏರಿದ ನೆಲದ ಬೆಲೆ ಮಾತ್ರ ಸಾರ್ವಜನಿಕರಿಗೆ ಸೇರಲಿಲ್ಲ. ಅದು ಬಾಡಿಗೆಯ ರೂಪದಲ್ಲಿ ಆ ಗಲ್ಲಿಯವರಿಂದಲೇ ವಸೂಲಾಗುತ್ತಿದೆ. ಬೆಂಗಳೂರಿನ ಪೂರ್ವಭಾಗದಲ್ಲಿ ಎದ್ದ ದೊಡ್ಡ ದೊಡ್ಡ ಕಚೇರಿಗಳ ನೌಕರರು ಇಂದಿರಾನಗರದಲ್ಲಿ ಏನು ಕೊಡಬಲ್ಲರೋ ಅದರ ನೆರಳು ಪಕ್ಕದ ಪಾಳ್ಯದ ಮೇಲೂ ಬೀಳುತ್ತದೆ. ಆ ನೌಕರರ ಮನೆಯ ಪಾತ್ರೆ ತೊಳೆಯುವವಳು, ಅವರ ಕಟ್ಟಡಕ್ಕೆ ದೀಪ ಹಾಕಿದವನು, ಅವರ ಬಾಗಿಲಿಗೆ ಊಟ ತಂದುಕೊಡುವ ಹುಡುಗ, ಇವರೆಲ್ಲರೂ ಆ ದರಕ್ಕೇ ಸೂರು ಹುಡುಕಬೇಕು.

ಒಂದು ಸರಳ ಲೆಕ್ಕ ಹಾಕೋಣ. ತಿಂಗಳಿಗೆ 9,000 ರೂಪಾಯಿಯ ಕೋಣೆ ಎಂದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಮೊದಲೇ ಇಡಿಸಿಕೊಳ್ಳುವ ಪದ್ಧತಿ ಬೇರೂರಿದೆ. ಆದ್ದರಿಂದ ಬಾಗಿಲು ತೆರೆಯುವ ಮುನ್ನವೇ 90,000 ರೂಪಾಯಿ ಹೊಂದಿಸಬೇಕು. ಆ ಹಣಕ್ಕೆ ಊರಿನಲ್ಲಿ ಸಂಘದ ಸಾಲ, ಒಡವೆಯ ಸಾಲ. ಯಜಮಾನನ ಬಳಿ ಇರುವ 90,000ಕ್ಕೆ ಬಡ್ಡಿ ಇಲ್ಲ. ಬಾಡಿಗೆದಾರ ತಂದ 90,000ಕ್ಕೆ ಬಡ್ಡಿ ಉಂಟು. ಕೊನೆಗೆ ಮನೆ ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದೂ ಅಲ್ಲಿಯ ರೂಢಿ. ಇದನ್ನೆಲ್ಲ ಬಾಡಿಗೆ ಎಂದು ಕರೆಯುವುದಿಲ್ಲವಾದ್ದರಿಂದ ಬಾಡಿಗೆ ಎಷ್ಟು ಎಂದು ಕೇಳಿದವರಿಗೆ 9,000 ಎಂಬ ಉತ್ತರವೇ ಸಿಗುತ್ತದೆ.

ಈಗ ರೈತರ ಪ್ರಶ್ನೆಗೆ ಬರುತ್ತೇವೆ. ಬಾಡಿಗೆ ಕೊಡಲಾಗದವನು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೆಂದರೆ ಅಡಗುವುದು. ಯಜಮಾನ ಏಳುವ ಮುನ್ನ ಕೆಲಸಕ್ಕೆ ಹೋಗುತ್ತಾನೆ, ಮಲಗಿದ ಮೇಲೆ ಮನೆಗೆ ಬರುತ್ತಾನೆ. ಫೋನು ಬಂದರೆ ಎತ್ತುವುದಿಲ್ಲ. ಹಗಲೆಲ್ಲ ಬಾಗಿಲ ಬಳಿಯ ಮಾತು ಕೇಳುವ ಭಾರ ಹೆಂಡತಿಯ ಮೇಲೆ. ಕೊನೆಗೆ ಒಂದು ರಾತ್ರಿ ಸಾಮಾನನ್ನು ಆಟೋದಲ್ಲಿ ಹೇರಿಕೊಂಡು, ಅಡ್ವಾನ್ಸ್ ಹಣವನ್ನೂ ಅಲ್ಲಿಯೇ ಬಿಟ್ಟು, ಇನ್ನೂ ದೂರದ ಗಲ್ಲಿಗೆ ಹೋಗುತ್ತಾನೆ. ಮಗುವಿನ ಶಾಲೆ ತಪ್ಪುತ್ತದೆ, ಪಡಿತರ ಚೀಟಿಯ ಮತ್ತು ಮತದಾರರ ಪಟ್ಟಿಯ ವಿಳಾಸ ತಪ್ಪುತ್ತದೆ. ಹೀಗೆ ಓಡುವವನನ್ನು ನಾವು ಹೀಯಾಳಿಸುವುದಿಲ್ಲ. ಮಾನಕ್ಕೆ ಅಂಜುವವನೇ ಹೀಗೆ ಓಡುವವನು. ಆದರೆ ಇದರಲ್ಲಿ ನಷ್ಟವೆಲ್ಲ ಅವನದೇ. ಸಂಬಳ ಬಾರದೆ ಬಾಡಿಗೆ ನಿಂತರೆ ಅದರಲ್ಲಿ ನಾಚಿಕೆಪಡಬೇಕಾದವನು ಸಂಬಳ ಕೊಡದವನು. ಬಾಡಿಗೆದಾರನು ತಾನೇ ಹೋಗಿ, ಗಡುವಿಗೆ ಮುನ್ನವೇ, ಇಂತಹ ಕಾರಣದಿಂದ ಇಷ್ಟು ತಿಂಗಳ ಹಣ ನಿಂತಿದೆ, ಇಷ್ಟು ಕಂತಿನಲ್ಲಿ ತೀರಿಸುತ್ತೇನೆ ಎಂದು ಹೇಳಬೇಕು. ಹೇಳಿದ್ದನ್ನು ಬರೆದೂ ಕೊಡಬೇಕು. ಫೋನಿನಲ್ಲಿ ಕಳುಹಿಸಿದ ನಾಲ್ಕು ಸಾಲೂ ಬರಹವೇ, ಅಳಿಸದೆ ಇಟ್ಟುಕೊಂಡರಾಯಿತು. ಕೈಯಲ್ಲಿ ಎರಡು ಸಾವಿರವಿದ್ದರೆ ಎರಡು ಸಾವಿರವನ್ನೇ ಬ್ಯಾಂಕಿನ ಮೂಲಕ ಕಟ್ಟಿ, ಯಾವ ತಿಂಗಳ ಬಾಡಿಗೆಗೆ ಎಂದು ಸೇರಿಸಿ ತಿಳಿಸಬೇಕು. ನಗದು ಕೊಟ್ಟರೆ ರಸೀದಿ ಕೇಳಬೇಕು. ಕೊಡುವ ಮನಸ್ಸಿತ್ತು ಎಂಬುದಕ್ಕೆ ನಾಳೆ ಬೇರೆ ಸಾಕ್ಷಿ ಇರುವುದಿಲ್ಲ.

ಅಡ್ವಾನ್ಸಿನ ಮಾತನ್ನೂ ಅದೇ ಕಾಗದದಲ್ಲಿ ಎತ್ತಬಹುದು. ಹತ್ತು ತಿಂಗಳ ಹಣ ಯಜಮಾನರ ಬಳಿ ಇರುವಾಗ ಎರಡು ತಿಂಗಳ ಬಾಕಿಯಿಂದ ಅವರು ಮುಳುಗುವುದಿಲ್ಲ. ಬಾಕಿಯನ್ನು ಸದ್ಯಕ್ಕೆ ಅದರಲ್ಲಿ ಹಿಡಿದುಕೊಳ್ಳಿ, ಸಂಬಳ ಬಂದ ಮೇಲೆ ತುಂಬಿಕೊಡುತ್ತೇನೆ ಎಂದು ಕೇಳುವುದು ಭಿಕ್ಷೆಯಲ್ಲ, ತನ್ನ ಹಣದ ಲೆಕ್ಕ. ಆದರೆ ಕರಾರಿನಲ್ಲಿ ಇಲ್ಲದಿದ್ದರೆ ಅದು ಯಜಮಾನರ ಒಪ್ಪಿಗೆಯಿಂದ ಆಗಬೇಕಾದದ್ದು. ಹೇಗಿದ್ದರೂ ಅಡ್ವಾನ್ಸ್ ಇದೆಯಲ್ಲ ಎಂದು ತಾನಾಗಿಯೇ ಬಾಡಿಗೆ ನಿಲ್ಲಿಸುವುದು ಜಾಣತನವಲ್ಲ.

ಈ ಹುಡುಗನ ಪ್ರಕರಣದಲ್ಲಿ ಬಾಡಿಗೆಯ ಬಾಕಿ ನಿಜವಾಗಿ ಸಂಬಳದ ಬಾಕಿ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಕೊಡಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ. ಅದು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಬಾಡಿಗೆ 5ನೆಯ ತಾರೀಖಿಗೆ, ಸಂಬಳ 7ನೆಯ ತಾರೀಖಿಗೆ! ನಮ್ಮ ಶಾಸನಕರ್ತರಲ್ಲಿ ಎಷ್ಟು ಮಂದಿ ಬಾಡಿಗೆ ಮನೆಯಲ್ಲಿದ್ದಾರೋ ತಿಳಿಯದು. ಅದು ಹಾಗಿರಲಿ. ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಭವನವಿದೆ. ಅಲ್ಲಿಯ ಕಾರ್ಮಿಕ ಇಲಾಖೆಗೆ ಬರಹದಲ್ಲಿ ದೂರು ಕೊಡಬಹುದು. ಗುತ್ತಿಗೆದಾರ ಕೊಡದಿದ್ದರೆ ಗುತ್ತಿಗೆ ಕೊಟ್ಟ ಮೂಲ ಸಂಸ್ಥೆಯನ್ನು ಕೇಳುವ ಹಕ್ಕೂ ಕೆಲಸಗಾರನಿಗಿದೆ. ಒಬ್ಬನೇ ಹೋದರೆ ನಾಳೆಯಿಂದ ಬರಬೇಡ ಎನ್ನುತ್ತಾರೆ. ಸಂಬಳ ನಿಂತ ಹದಿನೈದು ಮಂದಿಯೂ ಒಟ್ಟಿಗೆ ಹೋದರೆ ಹಾಗೆನ್ನಲು ಗುತ್ತಿಗೆದಾರ ಎರಡು ಸಲ ಯೋಚಿಸಬೇಕಾಗುತ್ತದೆ. ಆ ಹದಿನೈದು ಮಂದಿಯನ್ನು ಹುಡುಕುವುದೇ ಮಗನು ಮೊದಲು ಮಾಡಬೇಕಾದ ಕೆಲಸ ಎಂದು ನಮಗೆ ತೋರುತ್ತದೆ.

ಮಾಡಬಾರದ ಕೆಲಸ ಯಾವುದೆಂದರೆ ಮೀಟರ್ ಬಡ್ಡಿಗೆ ಸಾಲ ತಂದು ಬಾಡಿಗೆ ಕಟ್ಟುವುದು. ಬಾಡಿಗೆಯ ಬಾಕಿ ಒಂದು ಕಡೆ ನಿಂತಿರುತ್ತದೆ. ಮೀಟರ್ ಬಡ್ಡಿ ರಾತ್ರಿಯೂ ಬೆಳೆಯುತ್ತದೆ. ಅತಿಯಾದ ಬಡ್ಡಿಯನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ 2004ರಿಂದಲೂ ಇದೆ. ಕಿರುಸಾಲದವರ ಕಿರುಕುಳವನ್ನು ತಡೆಯಲೆಂದು 2025ರಲ್ಲಿ ಇನ್ನೊಂದು ಬಂದಿದೆ. ಎರಡನೆಯದನ್ನು ತರಬೇಕಾಯಿತೆಂಬುದೇ ಮೊದಲನೆಯದು ಎಷ್ಟು ನಡೆಯಿತೆಂಬುದಕ್ಕೆ ಸಾಕ್ಷಿ. ಇನ್ನೊಂದು ಬಲೆಯ ಹೆಸರು ಲೀಸ್. ಐದಾರು ಲಕ್ಷ ಒಟ್ಟಿಗೆ ಕೊಟ್ಟುಬಿಡಿ, ಬಾಡಿಗೆಯೇ ಬೇಡ, ಬಿಡುವಾಗ ಹಣ ವಾಪಸು ಎನ್ನುತ್ತಾರೆ. ಬಾಡಿಗೆಯ ಕಾಟದಿಂದ ಬೇಸತ್ತವನಿಗೆ ಇದು ಹಬ್ಬದಂತೆ ಕೇಳಿಸುತ್ತದೆ. ಊರಿನ ತುಂಡು ಜಮೀನು ಮಾರಿ ಕೊಟ್ಟವರಿದ್ದಾರೆ. ಆಮೇಲೆ ಮನೆಯ ಮೇಲೆ ಬ್ಯಾಂಕಿನ ಸಾಲವಿತ್ತೆಂದು ತಿಳಿಯುತ್ತದೆ. ಬ್ಯಾಂಕಿನವರು ಬಂದು ಬೀಗ ಹಾಕುತ್ತಾರೆ. ಹಣ ಪಡೆದವನು ಕಾಣುವುದಿಲ್ಲ. ಇಷ್ಟು ದೊಡ್ಡ ಮೊತ್ತದ ಭೋಗ್ಯದ ಪತ್ರ ನೋಂದಣಿಯಾಗದೆ ನಿಲ್ಲುವುದಿಲ್ಲ. ಋಣಭಾರ ಪತ್ರ ನೋಡದೆ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿ ಮಾಡಿಸದೆ, ಬರಿಯ ಛಾಪಾ ಕಾಗದ ನಂಬಿ ಹಣ ಕೊಡಬೇಡಿ ಎಂದು ನಮ್ಮ ಓದುಗರನ್ನು ಕೈಮುಗಿದು ಕೇಳುತ್ತೇವೆ.

ಯಜಮಾನರು "ಬೀಗದ ಕೈ" ಎಂದರಲ್ಲ, ಹಾಗೆನ್ನಲು ಅವರಿಗೆಷ್ಟು ಅಧಿಕಾರವಿದೆ? ತಾವೇ ಬಂದು ಬೀಗ ಜಡಿಯುವ, ಪಾತ್ರೆಪಡಗವನ್ನು ಬೀದಿಗೆಸೆಯುವ, ನೀರು ದೀಪ ಕಡಿಯುವ ಅಧಿಕಾರವನ್ನು ಯಾವ ಕಾನೂನೂ ಕೊಟ್ಟಿಲ್ಲ. ತಿಂಗಳ ಬಾಡಿಗೆಯ ಮನೆಯಾದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಾಗ, 15 ದಿನಗಳ ನೋಟೀಸು ಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೆಯ ಕಲಮು ಹೇಳುತ್ತದೆ. ಕರಾರಿನಲ್ಲಿ ಎರಡು ತಿಂಗಳೆಂದಿದ್ದರೆ ಎರಡು ತಿಂಗಳು. ಆ 15 ದಿನ ಮುಗಿದರೂ 16ನೆಯ ದಿನ ಹೊರಗೆ ತಳ್ಳುವಂತಿಲ್ಲ. ಯಜಮಾನರು ದಾವಾ ಹೂಡಿ ಡಿಕ್ರಿ ಪಡೆಯಬೇಕು. ಬಲವಂತದಿಂದ ಹೊರಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮಿನಂತೆ ಆರು ತಿಂಗಳೊಳಗೆ ದಾವಾ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಅಲ್ಲಿ ಮನೆ ಯಾರದೆಂಬ ಪ್ರಶ್ನೆಯೇ ಏಳುವುದಿಲ್ಲ. ಬಾಡಿಗೆ ಕೊಡದ ಕಾರಣಕ್ಕೇ ಕರಾರು ರದ್ದಾಯಿತೆಂದು ದಾವಾ ಬಂದಿದ್ದರೆ, ವಿಚಾರಣೆಯ ವೇಳೆಗೆ ಬಾಕಿ, ಬಡ್ಡಿ, ಖರ್ಚು ಕಟ್ಟಿದವನನ್ನು ಮನೆಯಲ್ಲಿಯೇ ಉಳಿಸುವ ಅಧಿಕಾರ 114ನೆಯ ಕಲಮಿನಲ್ಲಿ ನ್ಯಾಯಾಲಯಕ್ಕಿದೆ. ಪೊಲೀಸ್ ಠಾಣೆಗೆ ಕರೆಸಿ ಖಾಲಿ ಮಾಡು ಎನ್ನಿಸುವುದೂ ನಡೆಯುತ್ತದೆ. ಮನೆ ಖಾಲಿ ಮಾಡಿಸುವುದು ಠಾಣೆಯ ಕೆಲಸವಲ್ಲ. ಅದು ಲಘು ವ್ಯವಹಾರಗಳ ನ್ಯಾಯಾಲಯದ ಕೆಲಸ, ಅದರ ಒಂದು ಘಟಕ ಜೋಗುಪಾಳ್ಯಕ್ಕೆ ಹತ್ತಿರದ ಮೇಯೋ ಹಾಲಿನಲ್ಲಿಯೇ ಇದೆ.

ವಕೀಲರಿಗೆ ಕೊಡಲು ಹಣವೆಲ್ಲಿ ಎಂದು ಕೇಳುವುದು ಸಹಜ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕೆಲಸಗಾರರಿಗೆ ಆದಾಯದ ಲೆಕ್ಕವಿಲ್ಲದೆಯೇ ಉಚಿತ ವಕೀಲರನ್ನು ಕೊಡಬೇಕು; ಉಳಿದ ಬಡವರಿಗೆ ಆದಾಯದ ಮಿತಿಯುಂಟು. ದೂರವಾಣಿ ಸಂಖ್ಯೆ 15100. ರಾಜ್ಯ ಪ್ರಾಧಿಕಾರದ ಕಚೇರಿ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ದಾವಾ ಆಗುವ ಮುನ್ನವೇ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಏರ್ಪಾಡೂ ಅವರಲ್ಲುಂಟು. ಬಾಡಿಗೆ ಕರಾರು ಬಹುಮಟ್ಟಿಗೆ ಗಂಡಸಿನ ಹೆಸರಿನಲ್ಲಿರುತ್ತದೆ. ಹೆಂಡತಿಯ ಹೆಸರನ್ನೂ ಸೇರಿಸಿದ್ದರೆ ಇಂತಹ ಹೊತ್ತಿಗೆ ಅದೂ ಒಂದು ಬಲ. ಮತ್ತೊಂದು ಸಣ್ಣ ಮಾತು. 2023ರಲ್ಲಿ ಆರಂಭವಾದ ಗೃಹಜ್ಯೋತಿಯ 200 ಯೂನಿಟ್‌ವರೆಗಿನ ವಿದ್ಯುತ್ ರಿಯಾಯಿತಿ ಬಾಡಿಗೆದಾರರಿಗೂ ಅನ್ವಯಿಸಿದ ಯೋಜನೆ. ಬಿಲ್ಲು ಸೊನ್ನೆ ಬಂದಿರುವಾಗಲೂ ಬಾಡಿಗೆದಾರನಿಂದ ಯೂನಿಟ್ಟಿಗಿಷ್ಟೆಂದು ವಸೂಲು ಮಾಡುವ ಮನೆಗಳಿವೆ. ಬಿಲ್ಲು ತೋರಿಸಿ ಎಂದು ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಇದೆಲ್ಲವೂ ಕಾಲಾವಕಾಶ ಕೊಡುತ್ತದೆಯೇ ಹೊರತು ಬಾಡಿಗೆಯನ್ನು ಇಳಿಸುವುದಿಲ್ಲ. ಇಳಿಸಬೇಕಾಗಿದ್ದ ಕಾನೂನಿನ ಕಥೆಯನ್ನು ಓದುಗರು ತಿಳಿಯಬೇಕು. ಮೈಸೂರು ಸಂಸ್ಥಾನದಲ್ಲಿ 1951ರಲ್ಲಿಯೇ ಮನೆ ಬಾಡಿಗೆ ನಿಯಂತ್ರಣದ ಕಾಯಿದೆ ಇತ್ತು; 1961ರಲ್ಲಿ ಅದು ಇನ್ನೂ ವಿಸ್ತಾರವಾಯಿತು. ನ್ಯಾಯವಾದ ಬಾಡಿಗೆಯನ್ನು ಗೊತ್ತುಮಾಡುವಂತೆ ಬಾಡಿಗೆದಾರನು ಕೇಳಬಹುದಾಗಿತ್ತು. ಮನೆ ಖಾಲಿಯಾದರೆ ಯಜಮಾನನು ಕಂಟ್ರೋಲರಿಗೆ ತಿಳಿಸಬೇಕಾಗಿತ್ತು. ಆ ಕಾಯಿದೆಯಲ್ಲಿ ದೋಷಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ನೂರು ರೂಪಾಯಿಗೆ ದಂಡಿನ ದೊಡ್ಡ ಬಂಗಲೆಗಳಲ್ಲಿ ತಲೆಮಾರುಗಟ್ಟಲೆ ಕುಳಿತ ಅನುಕೂಲಸ್ಥರೂ ಅದರ ಆಶ್ರಯದಲ್ಲಿದ್ದರು. ದೋಷ ತಿದ್ದುವ ಹೆಸರಿನಲ್ಲಿ ಬಂದದ್ದು 1999ರ ಕರ್ನಾಟಕ ಬಾಡಿಗೆ ಅಧಿನಿಯಮ. ಅದು 2001ರ ಡಿಸೆಂಬರ್ 31ರಂದು ಜಾರಿಯಾಯಿತು. ಅದರಲ್ಲಿ ಬಾಡಿಗೆದಾರನಿಗೆ ರಕ್ಷಣೆಗಳಿವೆ. ಬಾಕಿಗಾಗಿ ಎಬ್ಬಿಸಬೇಕಾದರೂ ನೋಟೀಸಿನಿಂದ ಎರಡು ತಿಂಗಳ ಅವಕಾಶ ಕೊಡಬೇಕು. ಆದರೆ ಅದರ ಎರಡನೆಯ ಕಲಮಿನಲ್ಲಿಯೇ ಒಂದು ಬಾಗಿಲಿದೆ: ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ, ಬೇರೆಡೆ 2,000ಕ್ಕೆ ಮೀರಿದ ಮನೆಗಳಿಗೆ ಈ ಅಧಿನಿಯಮವೇ ಅನ್ವಯಿಸದು. 2001ರಲ್ಲಿ 3,500 ಎಂದರೆ ಮಧ್ಯಮ ವರ್ಗದ ಮನೆ. ಇಂದು ಜೋಗುಪಾಳ್ಯದಲ್ಲಿ ಆ ಹಣಕ್ಕೆ ಮಂಚ ಹಾಕುವಷ್ಟು ಜಾಗ ಸಿಕ್ಕರೆ ಪುಣ್ಯ. ಕಾನೂನನ್ನು ಯಾರೂ ರದ್ದುಮಾಡಲಿಲ್ಲ. ಬೆಲೆಗಳು ಏರುತ್ತ ಹೋದವು, ಅದು ಇದ್ದಲ್ಲಿಯೇ ಬಡಬಾಡಿಗೆದಾರನ ಕೈಗೆಟಕದೆ ಹೋಯಿತು.

ಮಲೆನಾಡಿನ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದದ್ದು ಗೇಣಿ ಅಳೆಯುವ ಕೊಳಗದ ವಿಚಾರದಿಂದ. ಡಾಕ್ಟರ್ ಲೋಹಿಯಾ ಅಲ್ಲಿಗೆ ಬಂದು ಬಂಧಿತರಾದರು. ಕೊಳಗದಿಂದ ಆರಂಭವಾದ ಮಾತು ನೆಲದವರೆಗೆ ಹೋಯಿತು. 1974ರ ಭೂಸುಧಾರಣೆಯಲ್ಲಿ ಗೇಣಿದಾರನು ಭೂನ್ಯಾಯಮಂಡಳಿಯ ಮುಂದೆ 7ನೆಯ ನಮೂನೆಯ ಅರ್ಜಿ ಹಾಕಿ ಒಡೆಯನಾದನು. ನಮ್ಮ ಕಚೇರಿಗೆ ಬಂದ ರೈತರ ಜಮೀನೂ ಹಾಗೆ ಬಂದದ್ದೇ. ತಂದೆ ಗೇಣಿಯಿಂದ ಪಾರಾದರು. ಮಗ ಬಾಡಿಗೆಗೆ ಬಿದ್ದ. ಆಗ ಕೊಳಗವಾದರೂ ಕಣ್ಣಿಗೆ ಕಾಣುವ ಅಳತೆಯಾಗಿತ್ತು. ಈಗ ಹನ್ನೊಂದು ತಿಂಗಳಿಗೊಮ್ಮೆ ಕರಾರು ಮುಗಿಯುತ್ತದೆ, ಹೊಸ ಕರಾರಿನಲ್ಲಿ ಎಷ್ಟು ಬರೆದರೆ ಅದೇ ಅಳತೆ. ಹನ್ನೊಂದೇ ತಿಂಗಳು ಏಕೆಂದರೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕಾಗುತ್ತದೆ. ಆ ತಾಪತ್ರಯ ತಪ್ಪಿಸಲು ಹುಟ್ಟಿದ ಅಭ್ಯಾಸ ಒಂದು ಊರಿನ ಅರ್ಧ ಜನರ ಬಾಳಿಗೆ ಗಡುವಾಗಿ ಕುಳಿತಿದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಜೋಗುಪಾಳ್ಯದಂತಹ ಹಳೆಯ ಪಾಳ್ಯದಲ್ಲಿ ಮನೆಯ ಒಡೆಯರೆಲ್ಲರೂ ಜಮೀನ್ದಾರರಲ್ಲ. ತಾತ ಕಟ್ಟಿಸಿದ ಮನೆಯನ್ನು ನಾಲ್ಕು ಕೋಣೆಯಾಗಿ ಒಡೆದು, ಮೂರನ್ನು ಬಾಡಿಗೆಗೆ ಕೊಟ್ಟು, ಆ ಹಣದಿಂದಲೇ ಔಷಧಿ ಕೊಳ್ಳುವ ವಿಧವೆಯೂ ಒಡತಿಯೇ. ಅವಳಿಗೂ ಎರಡು ತಿಂಗಳ ಬಾಕಿ ಬಾಕಿಯೇ. ಅಂತಹವಳ ಮೇಲೆ ಬಾಡಿಗೆದಾರನನ್ನು ಎತ್ತಿಕಟ್ಟುವುದು ಸಮಾಜವಾದವಲ್ಲ. ನಮ್ಮ ಜಗಳ ಇಪ್ಪತ್ತು ಮೂವತ್ತು ಮನೆಗಳನ್ನು ಹಿಡಿದಿರುವವರೊಡನೆ, ಖಾಲಿ ಮನೆಗೆ ಬೀಗ ಹಾಕಿ ಬೆಲೆಯೇರಲು ಕಾಯುವವರೊಡನೆ, ಇವೆರಡನ್ನೂ ನೋಡುತ್ತ ಸುಮ್ಮನಿರುವ ಸರ್ಕಾರದೊಡನೆ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು ಸುಮಾರು 1 ಕೋಟಿ 11 ಲಕ್ಷ. ಮರುವರ್ಷ ಕೇಂದ್ರ ಸರ್ಕಾರದ ತಜ್ಞರ ತಂಡವೇ ನಗರಗಳಲ್ಲಿ 1 ಕೋಟಿ 87 ಲಕ್ಷಕ್ಕೂ ಹೆಚ್ಚು ಮನೆಗಳ ಕೊರತೆಯಿದೆಯೆಂದೂ, ಅದರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಬಡವರ ಮತ್ತು ಕಡಮೆ ವರಮಾನದವರ ಕೊರತೆಯೆಂದೂ ಲೆಕ್ಕ ಹಾಕಿತು. ಇದರ ಮೇಲೆ ಜಾತಿಯ ಪ್ರಶ್ನೆ. ಸಸ್ಯಾಹಾರಿಗಳಿಗೆ ಮಾತ್ರ ಎಂಬ ಹಲಗೆಯ ಅರ್ಥವೇನೆಂದು ಎಲ್ಲರಿಗೂ ಗೊತ್ತು. ದಲಿತನಿಗೂ ಮುಸಲ್ಮಾನನಿಗೂ ಹತ್ತು ಮನೆಯಲ್ಲಿ ಎಂಟು ಮುಚ್ಚಿರುವಾಗ ತೆರೆದ ಎರಡು ಮನೆಯವರು ಕೇಳಿದ್ದೇ ಬಾಡಿಗೆ.

ಸರ್ಕಾರ ಮನಸ್ಸು ಮಾಡಿದರೆ ಬಾಡಿಗೆಯ ವಿಚಾರದಲ್ಲಿ ಕೈಹಾಕಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕೊರೋನಾದ ದಿಗ್ಬಂಧನದಲ್ಲಿ, 2020ರ ಮಾರ್ಚ್ 29ರಂದು, ಕೆಲಸಗಾರರಿಂದ ಒಂದು ತಿಂಗಳ ಬಾಡಿಗೆ ಕೇಳಕೂಡದು, ಅವರನ್ನೂ ವಿದ್ಯಾರ್ಥಿಗಳನ್ನೂ ಎಬ್ಬಿಸಿದರೆ ಕ್ರಮ ಕೈಗೊಳ್ಳಲಾಗುವುದು ಎಂದು ಕೇಂದ್ರದ ಗೃಹ ಇಲಾಖೆ ಆಜ್ಞೆ ಹೊರಡಿಸಿತು. ಆಜ್ಞೆಯೇನೋ ಬಂತು, ಆ ತಿಂಗಳ ಬಾಡಿಗೆಯನ್ನು ಯಾರು ಹೊರಬೇಕೆಂದು ಅದು ಹೇಳಲಿಲ್ಲ, ಮುಂದಿನ ತಿಂಗಳಿಗೆ ಏನೆಂದೂ ಹೇಳಲಿಲ್ಲ. ಮೇ ತಿಂಗಳ ಮೊದಲ ವಾರದಲ್ಲಿ ಕರ್ನಾಟಕ ಸರ್ಕಾರ ಕಟ್ಟಡ ನಿರ್ಮಾಪಕರೊಡನೆ ಸಭೆ ಮಾಡಿ, ಹೊರರಾಜ್ಯದ ಕೂಲಿಗಾರರನ್ನು ಊರಿಗೆ ಒಯ್ಯಬೇಕಾಗಿದ್ದ ರೈಲುಗಳನ್ನೇ ಬೇಡವೆಂದಿತು; ಎಲ್ಲೆಡೆ ಛೀಮಾರಿಯಾದ ಮೇಲೆ ಮತ್ತೆ ಬಿಟ್ಟಿತು. ಇರಿ ಎನ್ನುವವರು ಇರಲು ಸೂರು ಕೊಡಬೇಡವೇ? ಅದೇ ವರ್ಷ ಜುಲೈನಲ್ಲಿ ಕೇಂದ್ರ ಸರ್ಕಾರ ವಲಸೆ ಕೆಲಸಗಾರರಿಗೆ ಕಡಮೆ ಬಾಡಿಗೆಯ ವಸತಿ ಸಮುಚ್ಚಯಗಳ ಯೋಜನೆಯನ್ನು ಮಂಜೂರು ಮಾಡಿತು. ಆ ಯೋಜನೆಯ ಹೆಸರನ್ನು ನಮ್ಮ ರೈತರ ಮಗ ಇನ್ನೂ ಕೇಳಿಲ್ಲ.

ಜನ ಒಟ್ಟಾದಾಗ ಏನಾಯಿತೆಂಬುದಕ್ಕೆ ಗ್ಲಾಸ್ಗೋ ನಗರದ ಚರಿತ್ರೆಯನ್ನು ಓದಬಹುದು. 1915ರಲ್ಲಿ, ಗಂಡಸರು ಯುದ್ಧಕ್ಕೆ ಹೋಗಿದ್ದಾಗ, ಮದ್ದುಗುಂಡಿನ ಕಾರ್ಖಾನೆಗಳಿಗೆ ಬಂದ ಜನಸಂದಣಿಯನ್ನು ಕಂಡು ಮನೆಯೊಡೆಯರು ಬಾಡಿಗೆ ಏರಿಸಿದರು. ಮೇರಿ ಬಾರ್ಬರ್ ಎಂಬಾಕೆಯ ಮುಂದಾಳುತನದಲ್ಲಿ ಗೋವನ್ ಬಡಾವಣೆಯ ಹೆಂಗಸರು ಏರಿದ ಬಾಡಿಗೆಯನ್ನು ಕೊಡುವುದಿಲ್ಲವೆಂದರು. ಮನೆ ಖಾಲಿ ಮಾಡಿಸುವ ಅಮೀನನು ಗಲ್ಲಿಗೆ ಬಂದೊಡನೆ ಗಂಟೆ ಬಾರಿಸಿ, ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದು, ಅವನ ಮೇಲೆ ಹಿಟ್ಟು ತೂರಿ ಓಡಿಸುತ್ತಿದ್ದರು. ನವೆಂಬರ್ 17ರಂದು 18 ಮಂದಿ ಬಾಡಿಗೆದಾರರ ಮೇಲಿನ ಮೊಕದ್ದಮೆಯ ದಿನ ಹಡಗುಕಟ್ಟೆಯ ಕೆಲಸಗಾರರೂ ಕೆಲಸ ಬಿಟ್ಟು ನ್ಯಾಯಾಲಯದ ಮುಂದೆ ಸೇರಿದರು. ಮೊಕದ್ದಮೆ ಬಿದ್ದುಹೋಯಿತು. ವರ್ಷ ಮುಗಿಯುವುದರೊಳಗೆ ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ಮಟ್ಟದಲ್ಲಿ ತಡೆಹಿಡಿಯುವ ಶಾಸನ ಪಾರ್ಲಿಮೆಂಟಿನಲ್ಲಿ ಆಯಿತು. ಒಬ್ಬೊಬ್ಬಳೇ ಬಾಗಿಲು ಮುಚ್ಚಿ ಕುಳಿತಿದ್ದರೆ ಆಗುತ್ತಿತ್ತೇ?

ಆದರೆ ನಿಯಂತ್ರಣದಿಂದ ಮನೆಗಳು ಹುಟ್ಟುವುದಿಲ್ಲ, ಅವನ್ನು ಕಟ್ಟಬೇಕು. ವಿಯೆನ್ನಾ ನಗರಸಭೆ ಸಮಾಜವಾದಿಗಳ ಕೈಯಲ್ಲಿದ್ದಾಗ, 1923ರಲ್ಲಿ ಮನೆಗಳ ಮೇಲೆ, ಭೋಗದ ಬಂಗಲೆಗಳ ಮೇಲೆ ಹೆಚ್ಚಾಗಿ ಬೀಳುವಂತೆ ತೆರಿಗೆ ಹಾಕಿ, 1934ರೊಳಗೆ 60,000ಕ್ಕೂ ಹೆಚ್ಚು ವಸತಿಗಳನ್ನು ಕಟ್ಟಿಸಿ ಕೆಲಸಗಾರರಿಗೆ ಕಡಮೆ ಬಾಡಿಗೆಗೆ ಕೊಟ್ಟಿತು. ವಿಯೆನ್ನಾ ದೂರವಾಯಿತೆನ್ನುವವರು ಜೋಗುಪಾಳ್ಯದಿಂದ ಕಾಲ್ನಡಿಗೆಯಲ್ಲಿ ಮರ್ಫಿ ಟೌನಿಗೆ ಹೋಗಿ ಬರಲಿ. ಹಿಂದೆ ನಾಕ್ಸ್‌ಪೇಟೆ ಎನಿಸಿಕೊಂಡಿದ್ದ ಆ ಜಾಗದಲ್ಲಿ ದಂಡಿನ ಆಡಳಿತವೇ ಕಳೆದ ಶತಮಾನದ ಮೊದಲ ಭಾಗದಲ್ಲಿ ದುಡಿಯುವ ವರ್ಗದವರಿಗೆಂದು ಯೋಜಿಸಿದ ಬಡಾವಣೆ ಅದು, ಇಂಜಿನಿಯರ್ ಡಬ್ಲ್ಯು. ಎಚ್. ಮರ್ಫಿಯವರ ಹೆಸರು ಅದಕ್ಕಿದೆ. ಪರದೇಶದ ಸರ್ಕಾರ ತನ್ನ ಆಳುಕಾಳುಗಳಿಗೆ ಸೂರು ಬೇಕೆಂದು ತಿಳಿದಿತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮವರಿಗೂ ಅದು ತಿಳಿದಿತ್ತು. ಕೃಷ್ಣರಾಜಪುರದ ಕಡೆ ಐ.ಟಿ.ಐ. ಕಾರ್ಖಾನೆ ಬಂದಾಗ ದೂರವಾಣಿನಗರವೂ ಬಂತು, ಎಚ್.ಎ.ಎಲ್., ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳಿಗೂ ನೌಕರರ ವಸತಿಗಳಿದ್ದವು. ಅಲ್ಲಿ ಮನೆ ಎಂಬುದು ಸಂಬಳದ ಒಂದು ಭಾಗವಾಗಿತ್ತು. ಈಗಿನ ಗುತ್ತಿಗೆದಾರ ಸಂಬಳವನ್ನೇ ಕೊಡುವುದಿಲ್ಲ.

ಕಟ್ಟಿದ್ದನ್ನು ನಮ್ಮ ಕಾಲದವರು ಏನು ಮಾಡಿದರು? ಜೋಗುಪಾಳ್ಯದಿಂದ ಬಹಳ ದೂರವಲ್ಲದ ಈಜಿಪುರದಲ್ಲಿ ಬಡವರಿಗೆಂದು ಸರ್ಕಾರಿ ನೆಲದಲ್ಲಿ ಕಟ್ಟಿದ್ದ ವಸತಿಗಳು ಕಳಪೆಯಾಗಿ ಕುಸಿದವು. ನೆಲದ ಅರ್ಧ ಭಾಗ ಖಾಸಗಿ ಕಂಪನಿಯೊಂದರ ಮಾಲಿಗೆ ಹೋಗುವ ಒಪ್ಪಂದವಾಯಿತು. 2013ರ ಜನವರಿಯ ಚಳಿಯಲ್ಲಿ ಸುಮಾರು 1,500 ಕುಟುಂಬಗಳನ್ನು ಜೆಸಿಬಿ ತಂದು ಎಬ್ಬಿಸಿದರು. ಅವರಲ್ಲಿ ಅನೇಕರು ಅದೇ ಗೋಡೆಯ ಹೊರಗೆ ಬೀದಿಬದಿಯಲ್ಲಿ ವರ್ಷಗಟ್ಟಲೆ ಉಳಿದರು. ಉಳಿದವರು ಬಾಡಿಗೆ ಮನೆ ಹುಡುಕಿಕೊಂಡು ಹೋದರು. ಎಲ್ಲಿ ಹೋದರೆಂದು ಕೇಳಬೇಕೇ? ಇಂತಹ ಪಾಳ್ಯಗಳಿಗೇ.

2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಒಡೆದು ಐದು ಪಾಲಿಕೆಗಳನ್ನು ಮಾಡಲಾಯಿತು. ಐದಕ್ಕೂ ನಾವು ಕೇಳುವುದು ಒಂದನ್ನೇ. ಮೆಟ್ರೋ ನಿಲ್ದಾಣಗಳ ಸುತ್ತ ಸರ್ಕಾರದ ಕೈಯಲ್ಲಿ ಉಳಿದ ನೆಲದಲ್ಲಿ ಮಾಲು ಕಟ್ಟಿಸುವುದಕ್ಕೆ ಮುನ್ನ ಮರ್ಫಿ ಟೌನಿನಂತಹ ಒಂದೊಂದು ಬಾಡಿಗೆ ಬಡಾವಣೆಯನ್ನು ಕಟ್ಟಿಸಿರಿ, ಮಾರುವುದಕ್ಕಲ್ಲ, ಬಾಡಿಗೆಗೆ. ರಾಜ್ಯ ಸರ್ಕಾರವನ್ನು ಕೇಳುವುದು ಎರಡು. 3,500 ಎಂಬ ಆ ಸತ್ತ ಅಂಕಿಯನ್ನು ತೆಗೆದು ಇಂದಿನ ಬಾಡಿಗೆಗೆ ತಕ್ಕ ಮಿತಿಯನ್ನು ಹಾಕಿರಿ, ಬೆಲೆ ಏರಿದಂತೆ ಅದೂ ಏರಲಿ. ಎರಡನೆಯದಾಗಿ, ಅಡ್ವಾನ್ಸಿಗೆ ಮಿತಿ ಹಾಕಿರಿ. ಕೇಂದ್ರ ಸಂಪುಟ 2021ರ ಜೂನಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯೂ ವಾಸದ ಮನೆಗೆ ಎರಡು ತಿಂಗಳಿಗೆ ಮೀರಿ ಮುಂಗಡ ಕೂಡದೆನ್ನುತ್ತದೆ. ಆ ಮಾದರಿಯಲ್ಲಿ ಮನೆಯೊಡೆಯರಿಗೆ ಅನುಕೂಲವಾದ ಕಲಮುಗಳೇ ಹೆಚ್ಚು. ಆದರೂ ಆ ಒಂದು ಕಲಮಿಗೆ ನಮ್ಮ ಆಕ್ಷೇಪವಿಲ್ಲ. ಮಾದರಿ ಮಾದರಿಯಾಗಿಯೇ ಇದ್ದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಪ್ರತಿ ರಾಜ್ಯವೂ ತನ್ನ ಶಾಸನ ಮಾಡಬೇಕು. ಹತ್ತು ತಿಂಗಳು ಎರಡಾದರೆ ಜೋಗುಪಾಳ್ಯದ ಹುಡುಗನ ಕೈಯಲ್ಲಿ 72,000 ರೂಪಾಯಿ ಉಳಿದಿರುತ್ತಿತ್ತು. ಅದು ಎಂಟು ತಿಂಗಳ ಬಾಡಿಗೆ.

ಆ ರೈತರಿಗೆ ನಾವು ಮಂಗಳವಾರ ಹೇಳಿ ಕಳುಹಿಸಿದೆವು: ಆಕಳನ್ನು ಈಗಲೇ ಮಾರಬೇಡಿ. ಮಗ ಯಜಮಾನರಿಗೆ ಕಾಗದ ಕೊಟ್ಟಿದ್ದಾನೆ, ಮೂರು ಕಂತು ಕೇಳಿದ್ದಾನೆ. ಸಂಬಳ ನಿಂತಿರುವ ಹದಿನೈದು ಮಂದಿಯಲ್ಲಿ ಒಂಬತ್ತು ಮಂದಿ ದೂರಿಗೆ ಸಹಿ ಹಾಕಲು ಒಪ್ಪಿದ್ದಾರಂತೆ. ಯಜಮಾನರಿಂದ ಇನ್ನೂ ಉತ್ತರ ಬಂದಿಲ್ಲ.